ಬ್ರಾಹ್ಮಿಯ ಪಾಲು



2023ರ ಜುಲೈ ತಿಂಗಳು. ಡಿಚೋಲಿಯಲ್ಲಿ ಜಡಿಮಳೆ ಹಿಡಿದಿತ್ತು. ಮಧ್ಯಾಹ್ನದ ಊಟ ಮುಗಿಸಿ ಅಂಗಡಿಯ ಮೇಲಿನ ಮನೆಯಲ್ಲಿ ಕುಳಿತಿದ್ದೆ. ನಾಲ್ಕನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲ ಇಳಿಸುವುದಕ್ಕೂ ಮೊದಲು ಕೇಳಿದಳು:

"ಅಜ್ಜಾ, ನಮ್ಮ ಮನಿ ಪುಸ್ತಕ ಯಾವುದು?"

ನನಗೆ ಅರ್ಥವಾಗಲಿಲ್ಲ. ವಿಚಾರಿಸಿದಾಗ ತಿಳಿಯಿತು. ಮರುದಿನ ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿರುವ ಪುಸ್ತಕದಿಂದ ಒಂದು ಕಥೆಯನ್ನು ಓದಿಕೊಂಡು ಬಂದು ವರ್ಗದಲ್ಲಿ ಹೇಳಬೇಕೆಂದು ಟೀಚರ್ ಹೇಳಿದ್ದರು. ಪಕ್ಕದಲ್ಲಿ ಕೂಡುವ ಕ್ರಿಶ್ಚಿಯನ್ ಹುಡುಗಿ ಬೈಬಲಿನ ಕಥೆ ಹೇಳುವವಳಿದ್ದಳು. ಇನ್ನೊಬ್ಬ ಹುಡುಗ ತನ್ನ ಅಜ್ಜಿಯ ಮರಾಠಿ ರಾಮಾಯಣವನ್ನೇ ತರುತ್ತೇನೆಂದು ಹೇಳಿದ್ದನಂತೆ. ನಮ್ಮ ಹುಡುಗಿಗೆ ಮಾತ್ರ ತನ್ನ ಮನೆಯಲ್ಲಿ ಯಾವ ಪುಸ್ತಕವಿದೆ ಎಂಬುದೇ ಗೊತ್ತಿರಲಿಲ್ಲ.

ಅವಳದೇನು ತಪ್ಪು? ನಮ್ಮ ಮನೆಯಲ್ಲಿ ಕಣ್ಣಿಗೆ ಕಾಣುವಂತೆ ಇದ್ದದ್ದು ಅವಳ ಶಾಲೆಯ ಪುಸ್ತಕಗಳು, ಅಂಗಡಿಯ ಜಿ.ಎಸ್.ಟಿ. ಫೈಲುಗಳು ಮತ್ತು ಗೋಡೆಯ ಕ್ಯಾಲೆಂಡರು. ತಿಂಗಳಿಗೊಮ್ಮೆ ಈ ಮಾಸಪತ್ರಿಕೆ ಬರುತ್ತದೆ. ಅದನ್ನು ಓದುವವನು ನಾನೊಬ್ಬನೇ. ಇವನ್ನು ಬಿಟ್ಟರೆ ಅಟ್ಟದ ಮೇಲೆ ನಮ್ಮ ಅವ್ವನ ಕಬ್ಬಿಣದ ಟ್ರಂಕು ಇತ್ತು. ಅಂದು ಅದನ್ನು ಇಳಿಸಿದೆ.

ಅವ್ವನ ಟ್ರಂಕು

ಟ್ರಂಕಿನಲ್ಲಿ ನಾಲ್ಕಾರು ಪುಸ್ತಕಗಳಿದ್ದವು. ಅವುಗಳಲ್ಲಿ ಒಂದು ಆದಿಪುರಾಣದ ಕಥೆಯನ್ನು ತಿಳಿಗನ್ನಡದ ಗದ್ಯದಲ್ಲಿ ಹೇಳಿದ ಪುಸ್ತಕ. ರಟ್ಟು ಹರಿದು, ಮೊದಲ ಹಾಳೆಗಳು ಹೋಗಿದ್ದವು. ಅವ್ವ ಅದಕ್ಕೆ ಹಳೆಯ ಸೀರೆಯ ಅಂಚಿನಿಂದ ಹೊಲಿಗೆ ಹಾಕಿದ್ದಳು. ನಾನು ಭರತ-ಬಾಹುಬಲಿಯರ ಯುದ್ಧದ ಭಾಗವನ್ನು ತೆಗೆದು ಮೊಮ್ಮಗಳಿಗೆ ಓದಿ ಹೇಳಿದೆ. ಗೆದ್ದವನೇ ರಾಜ್ಯ ಬಿಟ್ಟು ಹೋದ ಕಥೆ ಅವಳಿಗೆ ಹಿಡಿಸಿತು. "ಕೊಡ ಅಜ್ಜಾ, ನಾ ಓದತೀನಿ" ಎಂದು ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಸ್ವಲ್ಪ ಹೊತ್ತು ನೋಡಿ ಮುಖ ಮೇಲೆತ್ತಿದಳು.

"ಇದು ಯಾವ ಭಾಷಾ ಅಜ್ಜಾ?"

"ನಾವು ಮನ್ಯಾಗ ಮಾತಾಡೂದ ವಾ, ಕನ್ನಡ."

"ಕನ್ನಡಕ್ಕ ಅಕ್ಷರನೂ ಅದಾವೇನು?" ಎಂದಳು.

ಬಂಧುಗಳೇ, ಆ ಮಾತು ನನಗೆ ಹೇಗೆ ನಾಟಿರಬಹುದೆಂದು ನೀವೇ ಊಹಿಸಿರಿ. ದಿನವೂ ಕನ್ನಡದಲ್ಲಿಯೇ "ಅಜ್ಜಾ, ಚಾಕ ಬಾ" ಎಂದು ಕರೆಯುವ ಹುಡುಗಿ ಅವಳು.

ಅಷ್ಟರಲ್ಲಿ ಮಗ ಮೇಲೆ ಬಂದ. ಪುಸ್ತಕದ ಕೊನೆಯಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆ ಅವ್ವ ಪೆನ್ಸಿಲಿನಿಂದ ಬರೆದಿಟ್ಟ ಟಿಪ್ಪಣಿಗಳಿದ್ದವು. ಹಿಡಿದ ವ್ರತಗಳು, ಮಾಡಿದ ಉಪವಾಸಗಳು, ಮನೆಯಲ್ಲಿ ಹುಟ್ಟಿದವರ ಮತ್ತು ತೀರಿಹೋದವರ ತಿಥಿಗಳು. 1987ರ ಒಂದು ಟಿಪ್ಪಣಿ ನನ್ನ ಮಗನ ಹುಟ್ಟಿನದು. "ಏನ ಬರದಾಳ್ರಿ ಆಯಿ?" ಎಂದು ಅವನು ಕೇಳಿದ. ಬಿ.ಕಾಂ. ಪಾಸಾದವನು, ನಾಲ್ಕು ಭಾಷೆಯಲ್ಲಿ ವ್ಯವಹಾರ ಮಾಡುವವನು. ತನ್ನ ಹುಟ್ಟಿನ ದಿನವನ್ನು ತನ್ನ ಅಜ್ಜಿಯೇ ಕೈಯಾರೆ ಬರೆದಿಟ್ಟಿದ್ದರೂ ಓದಲಾರದವನಾಗಿದ್ದ. "ನೀ ಹುಟ್ಟಿದ ದಿನ" ಎಂದಷ್ಟೇ ಹೇಳಿ ನಾನು ಪುಸ್ತಕ ಮುಚ್ಚಿದೆ. ಮುಂದಿನ ಸಾಲು ಓದುವುದು ನನ್ನಿಂದ ಆಗಲಿಲ್ಲ.

ಏಕೆಂದರೆ ನನಗೆ 2011ರ ನೆನಪಾಗಿತ್ತು. ಆ ವರ್ಷ ಅವ್ವ ಹಾಸಿಗೆ ಹಿಡಿದಿದ್ದಳು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳಾದರೂ ದಿನವೂ ಸ್ವಾಧ್ಯಾಯ ತಪ್ಪಿಸಿದವಳಲ್ಲ. ಒಂದು ಮಧ್ಯಾಹ್ನ ಮೊಮ್ಮಗನನ್ನು ಕರೆದು ಇದೇ ಪುಸ್ತಕ ಕೊಟ್ಟು, ಎರಡು ಹಾಳೆ ಓದು ಎಂದಳು. ಅವನು "ಆಯಿ, ನನಗ ಅಕ್ಷರ ಬರೂದಿಲ್ಲ" ಎಂದ. ಅವ್ವ ಅವನಿಗೆ ಏನೂ ಅನ್ನಲಿಲ್ಲ. ರಾತ್ರಿ ನಾನು ಅಂಗಡಿ ಮುಚ್ಚಿ ಬಂದಾಗ ನನಗೆ ಹೇಳಿದಳು: "ತೂಗಾಕ ಕಲಿಸಿದಿ, ಲೆಕ್ಕಾ ಕಲಿಸಿದಿ. ಓದಾಕ ಕಲಿಸಲಿಲ್ಲೇನೋ?" ಆಮೇಲೆ ಒಂದೂವರೆ ತಿಂಗಳು ರಾತ್ರಿ ನಾನೇ ಓದಿ ಹೇಳಿದೆ. ಆದರೆ ನಾನು ಬರುವ ಹೊತ್ತಿಗೆ ಎಷ್ಟೋ ದಿನ ಅವಳಿಗೆ ನಿದ್ದೆ ಹತ್ತಿರುತ್ತಿತ್ತು. ಪುಸ್ತಕ ಪೂರ್ತಿ ಆಗಲಿಲ್ಲ.

ಇದು ಹೇಗಾಯಿತು?

ಇದಕ್ಕೆ ನಾನು ಯಾರನ್ನೂ ದೂರುವಂತಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಮೆಟ್ರಿಕ್ ಮುಗಿಸಿ, 1977ರಲ್ಲಿ ಸೋದರಮಾವನ ಅಂಗಡಿಗೆಂದು ಡಿಚೋಲಿಗೆ ಬಂದೆ. ಗೋವೆ ಸ್ವತಂತ್ರವಾಗಿ ಹದಿನಾರು ವರ್ಷವೂ ಆಗಿರಲಿಲ್ಲ. ಪೇಟೆಯಲ್ಲಿ ಗಿರಾಕಿಗಳ ಮಾತು ಕೊಂಕಣಿ, ಚೀಟಿ ಬರೆಯುವುದು ಮರಾಠಿ. ಇವೆರಡನ್ನೂ ಕಲಿತದ್ದರಿಂದಲೇ ನನ್ನ ವ್ಯಾಪಾರ ನಿಂತಿತು. ಮಕ್ಕಳನ್ನು ಮೊದಲು ಮರಾಠಿ ಪ್ರಾಥಮಿಕ ಶಾಲೆಗೆ, ಆಮೇಲೆ ಇಂಗ್ಲಿಷ್ ಹೈಸ್ಕೂಲಿಗೆ ಹಾಕಿದೆ. 1987ರಲ್ಲಿ ಗೋವೆ ರಾಜ್ಯವಾಯಿತು, ಅದೇ ವರ್ಷ ಕೊಂಕಣಿ ರಾಜ್ಯಭಾಷೆಯಾಯಿತು. ಮುಂದೆ ಶಾಲೆಯ ಮಾಧ್ಯಮ ಯಾವುದಿರಬೇಕೆಂದು 1990ರಲ್ಲಿಯೂ 2011ರಲ್ಲಿಯೂ ಇಲ್ಲಿ ದೊಡ್ಡ ಚರ್ಚೆಗಳಾದವು. ಕೊಂಕಣಿಯವರು, ಮರಾಠಿಯವರು, ಇಂಗ್ಲಿಷ್ ಬೇಕೆನ್ನುವವರು ತಮ್ಮ ಮಕ್ಕಳ ಭಾಷೆಗಾಗಿ ಬೀದಿಗೆ ಇಳಿದರು. ನಾನು ಮಾತ್ರ, ಕನ್ನಡ ಹೇಗೂ ಮನೆಯಲ್ಲಿ ಮಾತಾಡುತ್ತಾರಲ್ಲ, ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಮಾತು ತಾನಾಗಿ ಬರುತ್ತದೆ. ಅಕ್ಷರ ತಾನಾಗಿ ಬರುವುದಿಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ನಲವತ್ತಾರು ವರ್ಷ ಬೇಕಾಯಿತು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಊರಿನಿಂದ ಬರುವಾಗ ಹಳೆಯ 'ಚಂದಮಾಮ'ಗಳ ಒಂದು ಗಂಟು ತಂದಿದ್ದೆ. ಬಾಲ್ಯದಲ್ಲಿ ನಾನು ಕಾಯುತ್ತಿದ್ದ ಪುಸ್ತಕವೆಂದರೆ ಅದು. ಅದೇ ಪತ್ರಿಕೆ ಮರಾಠಿಯಲ್ಲಿ 'ಚಾಂದೋಬಾ' ಎಂಬ ಹೆಸರಿನಿಂದ ಬರುತ್ತಿತ್ತು. ನನ್ನ ಮಕ್ಕಳು ಅದನ್ನು ಓದಿದರು. ಮನೆಯಲ್ಲಿ ಕನ್ನಡದ್ದನ್ನು ಓದುವವರಿಲ್ಲವೆಂದು 1995ರ ಸುಮಾರಿಗೆ ಆ ಗಂಟನ್ನು ಅಂಗಡಿಗೆ ಇಳಿಸಿ, ಹಾಳೆ ಹರಿದು ಪುಡಿಕೆ ಕಟ್ಟಲು ಹಚ್ಚಿದೆ. ಒಂದು ದಿನ ಗಾರೆ ಕೆಲಸಕ್ಕೆ ಬಂದಿದ್ದ ಕೊಪ್ಪಳದ ಕಡೆಯ ಒಬ್ಬ ಕೂಲಿಯವನು ಬೆಲ್ಲ ಕಟ್ಟಿಸಿಕೊಂಡ. ಮೆಟ್ಟಿಲ ಮೇಲೆಯೇ ಪುಡಿಕೆ ಬಿಚ್ಚಿ, ಬೆಲ್ಲವನ್ನು ಮಗನ ಕೈಗೆ ಕೊಟ್ಟು, ಆ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದ. ಅದರ ಎರಡೂ ಮಗ್ಗುಲು ಮುಗಿದ ಮೇಲೆ ತಿರುಗಿ ಬಂದು ಕೇಳಿದ: "ಸಾವುಕಾರ್ರ, ಇದರ ಮುಂದಿನ ಹಾಳಿ ಐತೇನ್ರಿ?"

ಹುಡುಕಿದೆ. ಅದು ಅಷ್ಟರಲ್ಲಿ ಯಾರದೋ ಮೆಣಸಿನಕಾಯಿಯ ಜೊತೆ ಹೋಗಿತ್ತು. ಆ ತಂದೆಯ ಕಿಸೆಯಲ್ಲಿ ದಿನದ ಕೂಲಿ ಮಾತ್ರ ಇತ್ತು, ಆದರೆ ಮಗನಿಗೆ ಓದಿ ಹೇಳಬೇಕೆಂಬ ಬುದ್ಧಿ ಇತ್ತು. ನನ್ನಲ್ಲಿ ಇಡೀ ಗಂಟೇ ಇತ್ತು, ಆ ಬುದ್ಧಿ ಇರಲಿಲ್ಲ.

ಬಲಗೈ, ಎಡಗೈ

ಅವ್ವನ ಪುಸ್ತಕದಲ್ಲಿಯೇ ಒಂದು ಪ್ರಸಂಗವಿದೆ. ನಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಆದಿತೀರ್ಥಂಕರ ಋಷಭದೇವರು ಇನ್ನೂ ರಾಜ್ಯವಾಳುತ್ತಿದ್ದಾಗ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ವಿದ್ಯೆ ಕಲಿಸಿದರು. ಬಲಗೈಯಿಂದ ಬ್ರಾಹ್ಮಿಗೆ ಅಕ್ಷರ, ಎಡಗೈಯಿಂದ ಸುಂದರಿಗೆ ಅಂಕಿ. ಬ್ರಾಹ್ಮೀ ಲಿಪಿಗೆ ಆ ಹೆಸರು ಬಂದದ್ದು ಆ ಮಗಳಿಂದಲೇ ಎಂಬುದು ನಮ್ಮ ಪರಂಪರೆಯ ಮಾತು. ಮಗುವಿಗೆ ವಿದ್ಯೆ ಕೊಡುವುದು ತಂದೆಯ ಕೆಲಸ, ಅದು ಮನೆಯಲ್ಲಿ ಪ್ರಾರಂಭವಾಗಬೇಕು, ಹೆಣ್ಣುಮಗುವಿಗೂ ಕೊಡಬೇಕು ಎಂಬ ಮೂರು ಪಾಠಗಳು ಈ ಒಂದೇ ಪ್ರಸಂಗದಲ್ಲಿವೆ.

ನಾವು ವ್ಯಾಪಾರಸ್ಥರು ಇದರಲ್ಲಿ ಅರ್ಧವನ್ನು ಚೆನ್ನಾಗಿ ಉಳಿಸಿಕೊಂಡಿದ್ದೇವೆ. ಸುಂದರಿಯ ಪಾಲನ್ನು ಯಾವ ಮಗುವಿಗೂ ತಪ್ಪಿಸಿಲ್ಲ. ನಮ್ಮ ಮಕ್ಕಳು ಗಲ್ಲೆಯ ಮೇಲೆ ಕೂತರೆ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚು-ಕಡಿಮೆಯಾಗದು. ಬ್ರಾಹ್ಮಿಯ ಪಾಲನ್ನು ಮಾತ್ರ ಶಾಲೆಗೆ ಬಿಟ್ಟುಬಿಟ್ಟೆವು. ಶಾಲೆ ತನ್ನ ಪಾಠವನ್ನು ಕಲಿಸುತ್ತದೆ, ಅದು ಅದರ ಧರ್ಮ. ಆದರೆ ಶಾಲೆಯ ಇತಿಹಾಸದ ಪುಸ್ತಕದಲ್ಲಿ ನಮ್ಮ ವಿಷಯ ಬರುವುದು ಎಷ್ಟು? ಭಗವಾನ್ ಮಹಾವೀರರ ಬಗ್ಗೆ ಬುದ್ಧನ ಜೊತೆಗೆ ಒಂದು ಪಾಠ. ಅದನ್ನು ಓದಿದ ಮಗು ಜೈನಧರ್ಮ ಮಹಾವೀರರಿಂದ ಪ್ರಾರಂಭವಾಯಿತು ಎಂದು ಪರೀಕ್ಷೆಯಲ್ಲಿ ಬರೆದು ಗುಣ ಪಡೆಯುತ್ತದೆ. ಉಳಿದ ಇಪ್ಪತ್ಮೂರು ತೀರ್ಥಂಕರರನ್ನು ಹೇಳಬೇಕಾದವರು ಯಾರು?

ನಮ್ಮ ಅಕ್ಷರದಲ್ಲಿ ಏನಿದೆ

ಆ ಸಂಜೆ ಊಟದ ಮೇಲೆ ಮನೆಯಲ್ಲಿ ಚರ್ಚೆಯೇ ಆಯಿತು. ಸೊಸೆ ಸಾಂಗಲಿ ಕಡೆಯ ಜೈನ ಮನೆತನದವಳು, ಅವಳ ತವರಿನ ಮಾತು ಮರಾಠಿ. "ಮಾಮಾ, ಧರ್ಮ ಮರಾಠಿ ಪುಸ್ತಕದಾಗೂ ಅದ, ಹಿಂದ್ಯಾಗೂ ಅದ. ಹುಡುಗಿಗೆ ಇನ್ನೊಂದು ಲಿಪಿದು ಭಾರ ಯಾಕ್ರಿ?" ಎಂದಳು. ಅವಳ ಮಾತು ಸುಳ್ಳಲ್ಲ. ಮಹಾವೀರ ಸ್ವಾಮಿಗಳೇ ಜನರ ಭಾಷೆಯಾದ ಅರ್ಧಮಾಗಧಿಯಲ್ಲಿ ಉಪದೇಶಿಸಿದರು. ಧರ್ಮಕ್ಕೆ ಇಂಥದೇ ಭಾಷೆ ಬೇಕೆಂಬ ಹಟವಿಲ್ಲ. ಕನ್ನಡ ಬಾರದಿದ್ದರೆ ಮಗು ಜೈನನಾಗಿ ಉಳಿಯುವುದಿಲ್ಲವೆಂದು ನಾನೂ ಹೇಳಲಾರೆ.

ಆದರೂ ಕನ್ನಡ ಅಕ್ಷರದೊಳಗೆ ನಮ್ಮ ಹಿರಿಯರು ಇಟ್ಟುಹೋದ ಗಂಟು ಬೇರೆಲ್ಲಿಯೂ ಇಲ್ಲದಂಥದು. ಒಂದೆರಡನ್ನು ಮಾತ್ರ ನೆನಪಿಸುತ್ತೇನೆ.

ಪಂಪ ಮಹಾಕವಿ 941ರಲ್ಲಿ ಆದಿಪುರಾಣವನ್ನು ರಚಿಸಿದನು. ಕನ್ನಡದ ಹಳೆಯ ಗದ್ಯಗ್ರಂಥಗಳಲ್ಲಿ ಅಗ್ರಗಣ್ಯವಾದ 'ವಡ್ಡಾರಾಧನೆ' ನಮ್ಮ ಮಹಾಪುರುಷರ ಹತ್ತೊಂಬತ್ತು ಕಥೆಗಳ ಸಂಗ್ರಹ. ಕವಿಚಕ್ರವರ್ತಿಯಾದ ರನ್ನನು ಮುಧೋಳದ ಬಳೆಗಾರ ಕುಲದವನು, ಅಂದರೆ ನಮ್ಮ ಹಾಗೆ ವ್ಯಾಪಾರಿಗಳ ಮನೆಯ ಹುಡುಗ. ಬಳೆಯ ಮಲಾರ ಹೊರಬೇಕಾಗಿದ್ದವನು ಅಜಿತಸೇನಾಚಾರ್ಯರಲ್ಲಿ ವಿದ್ಯೆ ಪಡೆದು 993ರಲ್ಲಿ ಅಜಿತಪುರಾಣ ಬರೆದನು. ಅದನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆದು ಬರೆಯಬೇಕು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಬಸದಿ ಕಟ್ಟಿಸಿದರೆ ಸಾಲದು, ಪುಸ್ತಕವೂ ಮನೆಮನೆಗೆ ಮುಟ್ಟಬೇಕೆಂದು ಸಾವಿರ ವರ್ಷದ ಹಿಂದೆಯೇ ಆ ತಾಯಿಗೆ ಹೊಳೆದಿತ್ತು.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಮೂಡಬಿದಿರೆಯದು. ದಿಗಂಬರ ಸಂಪ್ರದಾಯದ ಆಧಾರಗ್ರಂಥವಾದ ಷಟ್ಖಂಡಾಗಮದ ಭಾಷೆ ಪ್ರಾಕೃತ. ಆದರೆ ವೀರಸೇನಾಚಾರ್ಯರ ಧವಲಾ ಟೀಕೆಯೊಂದಿಗೆ ಅದು ಉಳಿದುಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ. ಅವುಗಳ ಪ್ರತಿ ತೆಗೆದು, ದೇವನಾಗರಿಗೆ ಇಳಿಸಿ, 1939ರಿಂದ ಮುಂದೆ ಹದಿನಾರು ಸಂಪುಟಗಳಲ್ಲಿ ಮುದ್ರಿಸಿದ ಮೇಲೆ ಅದು ಇಡೀ ದೇಶದ ಜೈನರ ಕೈಗೆ ಸಿಕ್ಕಿತು. ಸೊಸೆ ಓದುವ ಹಿಂದಿ ಪುಸ್ತಕದ ಹಿಂದೆಯೂ ಕನ್ನಡದ ಓಲೆ ಇದೆ ಎಂದು ನಾನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮಗ ಯಾರೂ ಹೇಳಿರಲಿಲ್ಲ" ಎಂದಳು.

ಇದ್ದ ಊರಿನ ಭಾಷೆಗೆ ವಿರೋಧವಲ್ಲ

ಕೆಲವರು, "ಗೋವೆಯ ಅನ್ನ ತಿಂದು ಕನ್ನಡವೆನ್ನುವುದೇಕೆ?" ಎನ್ನಬಹುದು. ನನ್ನ ಮಾತು ಜಗಳದ್ದಲ್ಲ. 2011ರ ಜನಗಣತಿಯ ಪ್ರಕಾರ ಗೋವೆಯಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ಐದು ಜನವೂ ಇಲ್ಲ. ಇಲ್ಲಿಯ ಜನರೊಂದಿಗೆ ಕೊಂಕಣಿಯಲ್ಲಿ ಬೆರೆತು ಬದುಕುವುದೇ ಸರಿಯಾದ ದಾರಿ. ಮೊಮ್ಮಗಳು ಕೊಂಕಣಿಯಲ್ಲಿ ಹಾಡು ಹೇಳಿದರೆ ನನಗೆ ಹೆಮ್ಮೆಯೇ.

ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟಸ್ವಾಮಿಯ ಪಾದದ ಬಳಿಯ ಬರಹಗಳನ್ನು ನೋಡಿರುತ್ತೀರಿ. ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದ ವಿಷಯ ಅಲ್ಲಿ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ನಾಗರಿ ಲಿಪಿಯ ಮರಾಠಿಯಲ್ಲಿಯೂ ಇದೆ. ಆ ನಾಗರಿ ಸಾಲನ್ನು ಮರಾಠಿಯವರು ತಮ್ಮ ಭಾಷೆಯ ಹಳೆಯ ಬರಹಗಳಲ್ಲಿ ಒಂದೆಂದು ಎಣಿಸುತ್ತಾರೆ. ಕೊಂಕಣಿಯವರು ಅದು ತಮ್ಮದೆನ್ನುತ್ತಾರೆ. ಭಗವಂತನ ಪಾದದಡಿ ಇಷ್ಟು ಭಾಷೆಗಳಿಗೆ ಜಾಗ ಸಿಕ್ಕಿರುವಾಗ ಒಂದು ಮಗುವಿನ ತಲೆಯಲ್ಲಿ ಜಾಗ ಸಿಗದೇ?

ಹಾಗೆಯೇ ಇನ್ನೊಂದು ಮಾತು. ಕನ್ನಡದ ಮಕ್ಕಳಿಗೆ ಹಾಡು-ಕಥೆ ಬರೆದುಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ನಮ್ಮವರೇ ಆದ ಡಾ. ಆ. ನೇ. ಉಪಾಧ್ಯೆಯವರು 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, ಮರಾಠಿ ನಾಡಾದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸಿದರು, ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಪರಿಚಿತರಾದರು. ಆದರೂ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗುವಷ್ಟು ಕನ್ನಡದವರಾಗಿ ಉಳಿದರು. ಭಾಷೆ ಹೆಚ್ಚಾದರೆ ಮನುಷ್ಯ ಬೆಳೆಯುತ್ತಾನೆ. ಖಾತೆ ಹೆಚ್ಚಾದರೆ ಅಂಗಡಿ ಮುಳುಗುವುದಿಲ್ಲ, ಯಾವ ಖಾತೆಯನ್ನೂ ಬರೆಯದೆ ಬಿಡಬಾರದು ಅಷ್ಟೇ.

ಇದನ್ನು ತಿಳಿಸಲೆಂದು ಒಂದು ರವಿವಾರ ಮೊಮ್ಮಗಳನ್ನು ನಮ್ಮ ಡಿಚೋಲಿ ತಾಲೂಕಿನದೇ ಆದ ಕುಡಣೆ ಗ್ರಾಮಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಜಂಬಿಟ್ಟಿಗೆಯಲ್ಲಿ ಕಟ್ಟಿದ ಜಿನಮಂದಿರದ ಪಾಳು ಗೋಡೆಗಳಿವೆ. ಊರವರು ಆ ಜಾಗವನ್ನು 'ಗುಜಿರ' ಎನ್ನುತ್ತಾರೆ. ಫೋಂಡಾ ಕಡೆಯ ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ ಅವಶೇಷಗಳಿವೆ. ಗೋವೆಯನ್ನು ಆಳಿದ ಕದಂಬರ ಅನೇಕ ಶಾಸನಗಳು ಕನ್ನಡದಲ್ಲಿವೆ. ನಾವು ಇಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಜಿನಬಿಂಬವೂ ಕನ್ನಡ ಅಕ್ಷರವೂ ಇಲ್ಲಿಗೆ ಬಂದಿದ್ದವು. "ಹಂಗಾರ ನಾವು ಹೊರಗಿನವರಲ್ಲೇನು ಅಜ್ಜಾ?" ಎಂದು ಹುಡುಗಿ ಕೇಳಿದಳು. ಗೋಡೆ ಉಳಿದಿದೆ, ಅಲ್ಲಿ ಪೂಜೆ ಮಾಡಿದವರ ಮಕ್ಕಳ ಗುರುತು ಉಳಿದಿಲ್ಲ. ಕಟ್ಟಡವೊಂದರಿಂದಲೇ ಪರಂಪರೆ ಉಳಿಯುವುದಿಲ್ಲ ಎಂಬುದಕ್ಕೆ ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ.

ನಾವು ಮಾಡಿದ ಪ್ರಯತ್ನ

ಈಗ ನಮ್ಮ ಮನೆಯಲ್ಲಿ ಏನು ಮಾಡಿದೆವೆಂದು ಹೇಳುತ್ತೇನೆ. ಉಳಿದ ಮನೆಗಳಿಗೂ ಉಪಯೋಗವಾದೀತು.

ಹೊತ್ತು ಮುಳುಗುವ ಮುನ್ನ ನಮ್ಮ ಊಟ ಮುಗಿಯುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಕನ್ನಡಕ್ಕೆ ಎಂದು ಗೊತ್ತುಮಾಡಿದೆವು. ಬೆಳಗಾವಿಯಿಂದ ಒಂದನೆಯ ಇಯತ್ತೆಯ ಪುಸ್ತಕ ತರಿಸಿದೆ. ಮೊದಲ ತಿಂಗಳು ನಾನು ಕೆಟ್ಟ ಮಾಸ್ತರನಾದೆ. ದಿನಕ್ಕೆ ಐದು ಅಕ್ಷರ ಬಾಯಿಪಾಠ, ತಪ್ಪಿದರೆ ಹತ್ತು ಸಾರೆ ಬರೆ ಎಂದೆ. ಹುಡುಗಿ ಅತ್ತಳು. ಘಟಕ ಪರೀಕ್ಷೆಯಲ್ಲಿ ಗುಣ ಕಡಿಮೆ ಬಂದವು. ಸೊಸೆಯ ಮುಖ ಬಿಗಿಯಿತು. ಆಗ ನಿಲ್ಲಿಸಿಯೇಬಿಡೋಣ ಎನ್ನಿಸಿತ್ತು.

ದಾರಿ ತೋರಿಸಿದ್ದು ಅಂಗಡಿ. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಕಷ್ಟವಲ್ಲ; ಅ, ಆ, ಕ, ಖ ಎಂಬ ಕ್ರಮ ಒಂದೇ, ಆಕಾರ ಮಾತ್ರ ಬೇರೆ. ಹೊಸದಾಗಿ ಕಲಿಯಬೇಕಾದದ್ದು ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘದ ಭೇದ ಮತ್ತು ಕೆಳಗೆ ಬರುವ ಒತ್ತಕ್ಷರ. ಈ ಒತ್ತಕ್ಷರಕ್ಕೆ ನಮ್ಮ ಕಿರಾಣಿ ಯಾದಿಗಿಂತ ಒಳ್ಳೆಯ ಪಾಠವಿಲ್ಲ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ತುಪ್ಪ, ಸಕ್ಕರೆ. ಎಲ್ಲದರಲ್ಲೂ ಅದೇ ಅಕ್ಷರಕ್ಕೆ ಅದೇ ಒತ್ತು. ಇವು ಬಂದ ಮೇಲೆ ಮೆಂತ್ಯ, ಖರ್ಜೂರ. ಅವಳೇ ಚೀಟಿ ಬರೆದು ಡಬ್ಬಿಗಳಿಗೆ ಅಂಟಿಸಿದಳು. ಗಿರಾಕಿಗಳು ನಕ್ಕರು. ಕರ್ನಾಟಕದ ಕಡೆಯಿಂದ ಬಂದ ಕೆಲಸಗಾರರು ಮಾತ್ರ ನಿಂತು ಓದಿ, "ಯಾರ ಬರದಾರ್ರಿ?" ಎಂದು ಕೇಳಿದರು. ಅಂಥ ಪ್ರಶ್ನೆ ಮಗುವಿಗೆ ಬಹುಮಾನವಿದ್ದ ಹಾಗೆ.

ಆಮೇಲೆ ಚಿಕ್ಕ ಕಥೆಗಳು. ವಡ್ಡಾರಾಧನೆಯ ಮೊದಲ ಕಥೆ ಸುಕುಮಾರಸ್ವಾಮಿಯದು. ಹಾಸಿನ ಮೇಲೆ ಬಿದ್ದ ಸಾಸಿವೆ ಕಾಳೂ ಚುಚ್ಚುವಷ್ಟು ಸುಖದಲ್ಲಿ ಬೆಳೆದ ವರ್ತಕರ ಮನೆಯ ಮಗ. ಮುನಿಗಳನ್ನು ಕಂಡರೆ ದೀಕ್ಷೆ ಹಿಡಿಯುತ್ತಾನೆಂದು ತಾಯಿ ಅವರ ಸುಳಿವೇ ಸೋಕದಂತೆ ಕಾಯುತ್ತಾಳೆ. ಆದರೂ ಒಂದು ರಾತ್ರಿ ಮುನಿಗಳ ಪಠಣ ಅವನ ಕಿವಿಗೆ ಬೀಳುತ್ತದೆ, ಪೂರ್ವಜನ್ಮದ ಸ್ಮರಣೆಯಾಗುತ್ತದೆ. ಸರಳ ಕನ್ನಡದಲ್ಲಿ ಒಂದೊಂದು ಪುಟವಾಗಿ ಇದನ್ನು ನಾನೇ ಬರೆದುಕೊಟ್ಟೆ. ಸಾಸಿವೆಯ ಡಬ್ಬಿ ಎದುರಿಗೇ ಇದ್ದುದರಿಂದ ಕಥೆ ಅವಳಿಗೆ ತಟ್ಟಿತು. ಕಿವಿಗೆ ಬಿದ್ದ ನಾಲ್ಕು ಒಳ್ಳೆಯ ಮಾತು ಎಂದಾದರೂ ಕೆಲಸ ಮಾಡುತ್ತದೆ ಎಂಬುದು ನನಗೂ ತಟ್ಟಿತು.

ಸೊಸೆಯೂ ಪಕ್ಕದಲ್ಲಿ ಕೂತು ಕಲಿಯತೊಡಗಿದಳು. ಮಗುವಿಗೆ ತಾಯಿಯ ತಪ್ಪು ತಿದ್ದುವುದೆಂದರೆ ಎಲ್ಲಿಲ್ಲದ ಉತ್ಸಾಹ. ಅಲ್ಲಿಂದ ಮುಂದೆ ಒತ್ತಾಯದ ಅಗತ್ಯ ಬೀಳಲಿಲ್ಲ.

ನನ್ನ ಅನುಭವದಿಂದ ಹೇಳುವುದಿಷ್ಟು. ಮೊದಲನೆಯದು, ಹೊತ್ತು ಸಣ್ಣದಿರಲಿ, ದಿನ ತಪ್ಪದಿರಲಿ. ಎ‌ರಡನೆಯದು, ಶಾಲೆಯ ಪರೀಕ್ಷೆಯ ವಾರದಲ್ಲಿ ಬಿಡುವು ಕೊಡಿರಿ. ಮೂರನೆಯದು, ಮಗುವಿನ ಕೈಯಿಂದ ಊರಿನ ಸಂಬಂಧಿಕರಿಗೆ ತಿಂಗಳಿಗೊಂದು ಪತ್ರ ಬರೆಯಿಸಿರಿ. ಉತ್ತರ ಬರುವಂತೆ ಅವರಿಗೂ ಹೇಳಿಡಿರಿ. ನಾಲ್ಕನೆಯದು, ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವ ಮುನ್ನ ಹಾಳೆ ಹಾಳೆ ತಿರುವಿ ನೋಡಿರಿ.

ಶ್ರುತಪಂಚಮಿಯ ದಿನ

ಜ್ಯೇಷ್ಠ ಶುದ್ಧ ಪಂಚಮಿ ನಮಗೆ ಶ್ರುತಪಂಚಮಿ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮವು ಗ್ರಂಥರೂಪವಾಗಿ ಪೂರ್ಣಗೊಂಡ ದಿನವೆಂದು ಅಂದು ಶಾಸ್ತ್ರಪೂಜೆ ಮಾಡುತ್ತೇವೆ. ನಮ್ಮ ಮನೆಯಲ್ಲಿ ಈ ಪದ್ಧತಿ ಅವ್ವನೊಂದಿಗೇ ನಿಂತುಹೋಗಿತ್ತು. 2024ರ ಜೂನ್‌ನಲ್ಲಿ ಮತ್ತೆ ಮಾಡಿದೆವು. ಟ್ರಂಕಿನ ಪುಸ್ತಕಗಳ ಧೂಳು ಒರೆಸಿ ಹೊಸ ಬಟ್ಟೆ ಸುತ್ತಿದೆವು. ಪೂಜೆಯಾದ ಮೇಲೆ ಮೊಮ್ಮಗಳು ಅವ್ವನ ಪುಸ್ತಕದ ಕೊನೆಯ ಹಾಳೆ ತೆಗೆದು, ಅಪ್ಪನನ್ನು ಎದುರಿಗೆ ಕೂಡಿಸಿಕೊಂಡು, ಬೆರಳಿಟ್ಟು ಓದಿದಳು. ಪೆನ್ಸಿಲಿನ ಬರಹ ಮಸುಕಾಗಿತ್ತು. ಎರಡು ಕಡೆ ತಡವರಿಸಿದಳು.

ಅವ್ವ ಬರೆದಿದ್ದದ್ದು ಇಷ್ಟೇ: ದಶಲಕ್ಷಣ ಪರ್ವದ ಆರ್ಜವದ ದಿನ ಬೆಳಗಿನ ಜಾವ ಮೊಮ್ಮಗ ಹುಟ್ಟಿದ. ಮಳೆ ಭಾಳ. ತಾಯಿ-ಕೂಸು ಕ್ಷೇಮ. ಓದಿ ಶಾಣ್ಯಾ ಆಗಲಿ.

ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಮ್ಮೆ ಓದವಾ" ಎಂದ. ಎರಡನೆಯ ಸಲ ಅವಳು ತಡವರಿಸಲಿಲ್ಲ. ಈಗ ಅವನೂ ಅಂಗಡಿಯಲ್ಲಿ ಬಿಡುವಿದ್ದಾಗ ಡಬ್ಬಿಯ ಚೀಟಿ ನೋಡಿ ಅಕ್ಷರ ಕೂಡಿಸುತ್ತಿದ್ದಾನೆ. ಮೂವತ್ತೇಳನೆಯ ವಯಸ್ಸಿನಲ್ಲಿ ಮಗಳೇ ಅವನ ಮಾಸ್ತರಳು.

2012ರಲ್ಲಿ ಗೋವೆಯ ಗಣಿಗಳು ನಿಂತಾಗ ಡಿಚೋಲಿ ಪೇಟೆಯ ಉದ್ರಿ ವಸೂಲಾಗದೆ ನಾವೆಲ್ಲ ಕಷ್ಟ ಉಂಡವರು. ಕಟ್ಟಿದ ವ್ಯಾಪಾರ ಒಂದು ದಿನದಲ್ಲಿ ಕುಸಿಯಬಹುದು. ನಮ್ಮ ಮಕ್ಕಳು ನಾಳೆ ಪುಣೆಗೋ ದುಬೈಗೋ ಹೋಗಿ ಅನ್ನ ಸಂಪಾದಿಸಬಹುದು. ಅಂಗಡಿಯನ್ನು ಹೊತ್ತು ಒಯ್ಯಲಾಗುವುದಿಲ್ಲ. ಅಕ್ಷರಕ್ಕೆ ತೂಕವೂ ಇಲ್ಲ, ಜಕಾತಿಯೂ ಇಲ್ಲ.

ಆದ್ದರಿಂದ ಪರಊರಿನಲ್ಲಿರುವ ನಮ್ಮ ಎಲ್ಲ ಶ್ರಾವಕ ಬಂಧುಗಳಲ್ಲಿ ನನ್ನ ವಿನಂತಿ. ಬರುವ ಶ್ರುತಪಂಚಮಿಯಂದು ನಿಮ್ಮ ಮನೆಯ ಅಟ್ಟದ ಟ್ರಂಕನ್ನೂ ಇಳಿಸಿರಿ. ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ಅಕ್ಷರ ಬರೆಯಿಸಿರಿ. ಸುಂದರಿಯ ಪಾಲನ್ನು ನಾವು ಕೊಟ್ಟಾಗಿದೆ. ಬ್ರಾಹ್ಮಿಯ ಪಾಲು ಬಾಕಿ ಇದೆ. ಅದನ್ನು ಕೊಡುವವರೂ ನಾವೇ, ಕೊಡದಿದ್ದರೆ ಸಾಲಗಾರರೂ ನಾವೇ.

ತಪ್ಪು ತಿಳಿಸಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.

ಜೈ ಜಿನೇಂದ್ರ.